ಬಿಸ್ಕತ್ತಿನ ಪುಡಿಯಲ್ಲಿ ಗೋಧಿಯೋ ಬಾರ್ಲಿಯೋ

ವಿಲೆ ಪಾರ್ಲೆ ರೈಲು ನಿಲ್ದಾಣದಲ್ಲಿ ಇಳಿಯುವವರಿಗೆ ದಶಕಗಳ ಕಾಲ ಊರು ಬಂತೆಂದು ಹೇಳುತ್ತಿದ್ದದ್ದು ಅಲ್ಲಿನ ಫಲಕ ಮಾತ್ರವಲ್ಲ, ಬೇಯುತ್ತಿರುವ ಬಿಸ್ಕತ್ತಿನ ವಾಸನೆ ಕೂಡ. 1929ರಲ್ಲಿ ಮೋಹನ್‌ಲಾಲ್ ದಯಾಳ್ ಚೌಹಾಣ್ ಅವರ ಕುಟುಂಬ ಇಲ್ಲಿ ಹನ್ನೆರಡು ಮಂದಿ ಕೆಲಸಗಾರರನ್ನು ಇಟ್ಟುಕೊಂಡು ಮಿಠಾಯಿ ಕಾರ್ಖಾನೆ ತೆರೆಯಿತು. ಸುಮಾರು ಹತ್ತು ವರ್ಷಗಳ ನಂತರ ಬಿಸ್ಕತ್ತು ಶುರುವಾಯಿತು. ಕಾರ್ಖಾನೆ ಊರಿನ ಹೆಸರನ್ನೇ ಇಟ್ಟುಕೊಂಡಿತು. ಮುಂದೆ ಆ ಹೆಸರು ಊರನ್ನೂ ಮೀರಿ ಬೆಳೆಯಿತು. ಬೀದರಿನ ಬಸ್ ನಿಲ್ದಾಣದಲ್ಲೋ ಸುಳ್ಯದ ಗೂಡಂಗಡಿಯಲ್ಲೋ ಚಹಾದಲ್ಲಿ ಅದ್ದಿ ತಿನ್ನುವವರಿಗೆ ಪಾರ್ಲೆ ಮುಂಬಯಿಯ ಒಂದು ಉಪನಗರ ಎಂಬುದು ನೆನಪಿಗೂ ಬರುವುದಿಲ್ಲ.

1947ರಲ್ಲಿ ಈ ಕಾರ್ಖಾನೆಗೆ ಒಂದು ಕಷ್ಟ ಎದುರಾಯಿತು. ದೇಶ ಒಡೆದಾಗ ಪಂಜಾಬಿನ ಪಶ್ಚಿಮ ಭಾಗದ ಗೋಧಿಯ ಹೊಲಗಳು ಪಾಕಿಸ್ತಾನಕ್ಕೆ ಹೋದವು. ಗೋಧಿಗೆ ಬರ ಬಂತು. ಮುಂಬಯಿಯಲ್ಲಿ 1943ರಿಂದಲೇ ಪಡಿತರ ಜಾರಿಯಲ್ಲಿತ್ತು. ಗ್ಲೂಕೋ ಬಿಸ್ಕತ್ತಿನ ತಯಾರಿಕೆಯನ್ನು ಕಂಪನಿ ಕೆಲಕಾಲ ನಿಲ್ಲಿಸಬೇಕಾಯಿತು. ಆಗ ಅದು ಒಂದು ಜಾಹೀರಾತು ಹಾಕಿತು: ಸ್ವಾತಂತ್ರ್ಯಕ್ಕಾಗಿ ಪ್ರಾಣ ಕೊಟ್ಟವರಿಗೆ ನಮನ ಸಲ್ಲಿಸಿ, ಗೋಧಿ ಮೊದಲಿನಂತೆ ಸಿಗುವವರೆಗೆ ತನ್ನ ಬಾರ್ಲಿ ಬಿಸ್ಕತ್ತುಗಳನ್ನೇ ತಿನ್ನಿರೆಂದು ಗ್ರಾಹಕರನ್ನು ಕೇಳಿಕೊಂಡಿತು.

ಗೋಧಿಯ ಬದಲು ಬಾರ್ಲಿ ಹಾಕಿ ಅದನ್ನು ಬಾಯಿಬಿಟ್ಟು ಹೇಳಿದರೆ ಅದು ಬದಲಿ ತಿಂಡಿ. ಹೇಳದೆ ಹಾಕಿದರೆ ಕಲಬೆರಕೆ. ಹಿಟ್ಟು ಎರಡರಲ್ಲೂ ಒಂದೇ. ಹಾಗಾದರೆ, ಯಾರೂ ಏನೂ ಹೇಳದಿದ್ದಾಗ, ಕೈಯಲ್ಲಿರುವ ಬಿಸ್ಕತ್ತಿನ ಪುಡಿ ಗೋಧಿಯದೋ ಬಾರ್ಲಿಯದೋ ಎಂದು ಕಂಡುಹಿಡಿಯುವುದು ಹೇಗೆ? ನಾಲಿಗೆಗೆ ಅನುಮಾನ ಬರಬಹುದು, ಆದರೆ ನಾಲಿಗೆಯ ಅನುಮಾನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕಿದ ಉಪಕರಣ ಸೂಕ್ಷ್ಮದರ್ಶಕ. ಅದನ್ನು ಹಾಗೆ ಬಳಸಲು ಕಲಿಯುವುದಕ್ಕೆ ಮನುಷ್ಯರಿಗೆ ಸುಮಾರು ಇನ್ನೂರು ವರ್ಷ ಬೇಕಾಯಿತು.

ಮೊದಲ ಕಾಲದ ನೋಟಗಳಲ್ಲಿ ಇದ್ದದ್ದು ಬೆರಗು. 1665ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ 'ಮೈಕ್ರೋಗ್ರಾಫಿಯಾ' ಆರಂಭವಾಗುವುದು ಹುಳುವಿನಿಂದಲೂ ಅಲ್ಲ, ಹೂವಿನಿಂದಲೂ ಅಲ್ಲ, ಒಂದು ಸೂಜಿಯ ಮೊನೆಯಿಂದ. ಬರಿಗಣ್ಣಿಗೆ ಚೂಪಾಗಿದ್ದ ಮೊನೆ ಮಸೂರದಡಿ ಮೊಂಡು ಗೂಟದಂತೆ ಕಂಡಿತು. ಕ್ಷೌರದ ಕತ್ತಿಯ ಅಂಚು, ನಯವಾದ ಬಟ್ಟೆ, ಮರಳು, ಮುದ್ರಿತ ಪುಟದ ಪೂರ್ಣವಿರಾಮ, ಹೀಗೆ ಮನೆಯಲ್ಲಿ ಕೈಗೆ ಸಿಕ್ಕ ವಸ್ತುಗಳನ್ನೆಲ್ಲ ಹುಕ್ ಗಾಜಿನಡಿ ಇಟ್ಟ. ಇದು ಏನೆಂದು ಹುಕ್‌ಗೆ ಮೊದಲೇ ಗೊತ್ತಿತ್ತು, ಹೇಗೆ ಕಾಣುತ್ತದೆ ಎಂಬುದಷ್ಟೇ ಹೊಸದು. ಹೇಗೆ ಕಾಣುತ್ತದೆ ಎಂಬುದರಿಂದ ಏನೆಂದು ಹೇಳುವುದು ಇದಕ್ಕೆ ತಿರುವುಮುರುವಾದ ಕೆಲಸ, ಬಹಳ ಹೆಚ್ಚು ಕಷ್ಟದ ಕೆಲಸ.

ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ಫಾನ್ ಲೇವನ್‌ಹುಕ್ ಈ ಕಷ್ಟಕ್ಕೆ ಕಾಳುಮೆಣಸಿನ ಮೂಲಕ ಬಂದ. ಆ ಹೊತ್ತಿಗೆ ಡಚ್ ಹಡಗುಗಳು ಮಲಬಾರಿನಿಂದಲೂ ಸುಮಾತ್ರಾದಿಂದಲೂ ಮೆಣಸು ಹೊತ್ತು ತರುತ್ತಿದ್ದವು. ಮೆಣಸು ನಾಲಿಗೆಯನ್ನು ಏಕೆ ಚುಚ್ಚುತ್ತದೆ? ಅದರ ಕಣಗಳಿಗೆ ಮುಳ್ಳಿನಂಥ ಮೊನೆಗಳಿರಬೇಕು ಎಂಬುದು ಅವನ ಊಹೆ. ನೋಡಲು ಅನುಕೂಲವಾಗಲೆಂದು ಮೆಣಸನ್ನು ನೀರಿನಲ್ಲಿ ನೆನೆಹಾಕಿದ. 1676ರಲ್ಲಿ ಆ ನೀರಿನ ಹನಿಯಲ್ಲಿ ಮುಳ್ಳು ಸಿಗಲಿಲ್ಲ, ಅದುವರೆಗೆ ಯಾರೂ ವರ್ಣಿಸಿರದಷ್ಟು ಸಣ್ಣ ಜೀವಿಗಳು ಓಡಾಡುತ್ತಿದ್ದವು. ಜೀವವಿಜ್ಞಾನದ ಚರಿತ್ರೆ ಈ ಘಟನೆಯನ್ನು ಸೂಕ್ಷ್ಮಜೀವಿಗಳಿಗಾಗಿ ನೆನಪಿಟ್ಟುಕೊಂಡಿದೆ, ಮೆಣಸನ್ನು ಮರೆತಿದೆ. ಆದರೆ ಇನ್ನೊಂದು ಪಾಠವೂ ಅಲ್ಲಿತ್ತು. ವಸ್ತುವಿನ ಗುಣ ಅದರ ಆಕಾರದಲ್ಲಿ ಬರೆದಿರಬೇಕಿಲ್ಲ. ಖಾರಕ್ಕೆ ಮೊನೆ ಇಲ್ಲ, ಸಿಹಿಗೆ ದುಂಡಗಿನ ಮೈ ಇಲ್ಲ. ಕಣದ ಆಕಾರ ಹೇಳುವುದು ಅದು ಯಾವ ಗಿಡದ ಯಾವ ಭಾಗದಿಂದ ಬಂತು ಎಂಬುದನ್ನು ಮಾತ್ರ.

ಅಷ್ಟೇ ಸಾಕು ಎಂದು ತೋರಿಸಿಕೊಟ್ಟವನು ಲಂಡನ್ನಿನ ವೈದ್ಯ ಆರ್ಥರ್ ಹಿಲ್ ಹ್ಯಾಸಲ್. ವೈದ್ಯಕೀಯ ವಿದ್ಯಾರ್ಥಿಗಳು ಥೈಮಸ್ ಗ್ರಂಥಿಯ ಪಾಠದಲ್ಲಿ ಇಂದಿಗೂ ಅವನ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅವನ ದೊಡ್ಡ ಕೆಲಸ ನಡೆದದ್ದು ಕಾಫಿ ಪುಡಿಯಲ್ಲಿ. 1850ರ ಲಂಡನ್ನಿನಲ್ಲಿ ಪುಡಿ ಮಾಡಿದ ಕಾಫಿಗೆ ಹುರಿದ ಚಿಕೋರಿ ಬೇರು ಬೆರೆಯುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಆದರೂ ಬ್ರಿಟಿಷ್ ಹಣಕಾಸು ಮಂತ್ರಿ ಚಾರ್ಲ್ಸ್ ವುಡ್, ಹೆಸರಾಂತ ರಸಾಯನಜ್ಞರ ವರದಿಯನ್ನು ಆಧರಿಸಿ, ಕಾಫಿಯಲ್ಲಿ ಚಿಕೋರಿ ಇದೆಯೇ ಎಂದು ರಸಾಯನಶಾಸ್ತ್ರದಿಂದಾಗಲಿ ಬೇರೆ ದಾರಿಯಿಂದಾಗಲಿ ಖಚಿತವಾಗಿ ಹೇಳಲಾಗದು ಎಂದು ಪಾರ್ಲಿಮೆಂಟಿನಲ್ಲಿ ಹೇಳಿದ. ಕಂಡುಹಿಡಿಯಲಾಗದ ಮೋಸವನ್ನು ತಡೆಯುವ ಹೊಣೆ ಸರಕಾರಕ್ಕಿಲ್ಲವಲ್ಲ! ಅದೇ ವರ್ಷ ಹ್ಯಾಸಲ್ ಅದನ್ನು ಕೆಲವೇ ನಿಮಿಷಗಳಲ್ಲಿ ಕಂಡುಹಿಡಿಯಬಹುದೆಂದು ತೋರಿಸಿದ.

ಹೇಗೆಂಬುದನ್ನು ಕನ್ನಡನಾಡಿನ ಫಿಲ್ಟರ್ ಕಾಫಿ ಕುಡಿಯುವವರು ತಿಳಿಯುವುದು ಚೆನ್ನ. ಕಾಫಿ ಬೀಜ ಒಂದು ಬೀಜ, ಚಿಕೋರಿ ಒಂದು ಬೇರು. ಬೀಜದ ಕೆಲಸ ಆಹಾರ ಕೂಡಿಡುವುದು. ಹಾಗಾಗಿ ಕಾಫಿಯ ಜೀವಕೋಶಗಳ ಗೋಡೆ ದಪ್ಪ, ಮಣಿ ಪೋಣಿಸಿದಂತೆ ಉಬ್ಬುತಗ್ಗು. ಬೀಜದ ಸೀಳಿನಲ್ಲಿ ಉಳಿದುಕೊಳ್ಳುವ ತೆಳುವಾದ ಬೆಳ್ಳಿಸಿಪ್ಪೆಯಲ್ಲಿ ಕದಿರಿನ ಆಕಾರದ, ಓರೆಯಾದ ತೂತುಗಳಿರುವ ಗಟ್ಟಿ ಕೋಶಗಳು. ಬೇರಿನ ಕೆಲಸ ನೀರು ಸಾಗಿಸುವುದು. ಹಾಗಾಗಿ ಚಿಕೋರಿಯಲ್ಲಿ ಅಗಲವಾದ ನಾಳಗಳು, ಗೋಡೆಯ ಮೇಲೆ ಸಾಲು ಸಾಲು ಚುಕ್ಕಿಗಳು, ಜೊತೆಗೆ ಕವಲೊಡೆದ ಹಾಲಿನ ನಾಳಗಳು. ಹುರಿದರೂ ಪುಡಿ ಮಾಡಿದರೂ ಈ ಗುರುತುಗಳು ಅಳಿಯುವುದಿಲ್ಲ. ಕಾಫಿ ಬೀಜದಲ್ಲಿ ಅಂಥ ಅಗಲದ ನಾಳ ಇರಲು ಸಾಧ್ಯವೇ ಇಲ್ಲ. ಆದ್ದರಿಂದ ಒಂದು ನಾಳ ಕಂಡರೂ ಪುಡಿಯಲ್ಲಿ ಹೊರಗಿನದೇನೋ ಸೇರಿದೆ ಎಂದರ್ಥ.

ಹ್ಯಾಸಲ್ ಮಾಡಿದ್ದರಲ್ಲಿ ಹೊಸ ಮಸೂರವೇನೂ ಇರಲಿಲ್ಲ. ಅವನು ಮೊದಲು ತನ್ನ ಕೈಯಾರೆ ಶುದ್ಧ ಕಾಫಿ, ಶುದ್ಧ ಚಿಕೋರಿ, ಶುದ್ಧ ಸಾಸಿವೆ, ಶುದ್ಧ ಅರಿಶಿನ, ಬಗೆಬಗೆಯ ಹಿಟ್ಟುಗಳನ್ನು ನೋಡಿ ಚಿತ್ರ ಬರೆಸಿಟ್ಟುಕೊಂಡ. ಆಮೇಲೆ ಅಂಗಡಿಯ ಪೊಟ್ಟಣವನ್ನು ಆ ಚಿತ್ರಗಳ ಪಕ್ಕದಲ್ಲಿಟ್ಟ. ಮುಖಪರಿಚಯ ಇಲ್ಲದವರನ್ನು ಸಂತೆಯಲ್ಲಿ ಗುರುತಿಸುವುದು ಹೇಗೆ? 'ದಿ ಲ್ಯಾನ್ಸೆಟ್' ಪತ್ರಿಕೆಯ ಸಂಪಾದಕ ಥಾಮಸ್ ವ್ಯಾಕ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡು 1851ರಿಂದ 1854ರವರೆಗೆ ವರದಿಗಳ ಸರಣಿಯನ್ನೇ ಪ್ರಕಟಿಸಿದ. ಕಾಫಿಯ 34 ಮಾದರಿಗಳಲ್ಲಿ 31 ಕಲಬೆರಕೆ. ಈ ಸಂಖ್ಯೆಗಿಂತ ಹೆಚ್ಚು ಗದ್ದಲ ಎಬ್ಬಿಸಿದ್ದು ವ್ಯಾಕ್ಲಿಯ ಇನ್ನೊಂದು ತೀರ್ಮಾನ: ಮಾದರಿ ಕೊಂಡ ಅಂಗಡಿಯವನ ಹೆಸರನ್ನೂ ವಿಳಾಸವನ್ನೂ ಅಚ್ಚು ಹಾಕುವುದು. ತಾನು ನೋಡಿದ್ದರ ಬಗ್ಗೆ ಪೂರ್ತಿ ಭರವಸೆ ಇಲ್ಲದವನು ಇದಕ್ಕೆ ಕೈ ಹಾಕುತ್ತಿರಲಿಲ್ಲ.

ಇಷ್ಟಾದರೂ ಕಾನೂನು ಕದಲಲು ಸಾವುಗಳು ಬೇಕಾದವು. 1858ರಲ್ಲಿ ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ ಪೆಪ್ಪರ್‌ಮಿಂಟ್ ಮಿಠಾಯಿ ತಿಂದು ಸುಮಾರು 20 ಮಂದಿ ಸತ್ತರು, 200ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಸಕ್ಕರೆ ದುಬಾರಿ ಎಂದು ಮಿಠಾಯಿಗೆ ಜಿಪ್ಸಮ್ಮಿನಂಥ ಅಗ್ಗದ ಬಿಳಿ ಪುಡಿ ಬೆರೆಸುವುದು ರೂಢಿಯಲ್ಲಿತ್ತು. ಅಂದು ಆ ಪುಡಿಯ ಬದಲು ಔಷಧ ಅಂಗಡಿಯಿಂದ ಬಂದದ್ದು ಬಿಳಿ ಆರ್ಸೆನಿಕ್, ಅಂದರೆ ಪಾಷಾಣ. ಎರಡೂ ಬಿಳಿ, ಎರಡೂ ನುಣುಪು. ಯಾರದ್ದೂ ಕೊಲ್ಲುವ ಉದ್ದೇಶವಲ್ಲ, ಮೋಸ ಮಾಡುವ ಉದ್ದೇಶ ಮಾತ್ರ. 1860ರಲ್ಲಿ ಬ್ರಿಟನ್ ಮೊದಲ ಕಲಬೆರಕೆ ಕಾಯಿದೆಯನ್ನು ಮಾಡಿತು. ಅದು ಹಲ್ಲಿಲ್ಲದ ಕಾಯಿದೆ. ಸ್ವಲ್ಪವಾದರೂ ಹಲ್ಲು ಬಂದದ್ದು 1875ರ ಕಾಯಿದೆಗೆ.

ಅದೇ ಶತಮಾನದಲ್ಲಿ ಮುಂಬಯಿಯ ಸೂಕ್ಷ್ಮದರ್ಶಕ ಬೇರೊಂದು ಕೆಲಸದಲ್ಲಿ ತೊಡಗಿತ್ತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಐಸಿಡೋರ್ ಬರ್ನಡಾಟ್ ಲಯನ್ ಮುಂಬಯಿ ಸರಕಾರದ ರಾಸಾಯನಿಕ ಪರೀಕ್ಷಕರೂ ಆಗಿದ್ದರು. ಭಾರತದ ವೈದ್ಯಕೀಯ ನ್ಯಾಯಶಾಸ್ತ್ರದ ಬಗ್ಗೆ ಅವರು ಬರೆದ ಗ್ರಂಥ 1889ರಲ್ಲಿ ಹೊರಬಂತು. ಇಂಥ ಪರೀಕ್ಷಕರ ಮೇಜಿಗೆ ಬರುತ್ತಿದ್ದದ್ದು ಸತ್ತವರ ಹೊಟ್ಟೆಯಲ್ಲಿ ಸಿಕ್ಕ ಆಹಾರ, ಬಟ್ಟಲಿನ ತಳದಲ್ಲಿ ಉಳಿದ ಚಟ್ನಿ, ಲಾಡುವಿನ ಚೂರು. ಆ ಕಾಲದ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ವಿಷಗಳು ಮೂರು: ಪಾಷಾಣ, ಅಫೀಮು, ದತ್ತೂರ. ದತ್ತೂರದ ಕತೆ ವಿಚಿತ್ರ. ದಾರಿಯಲ್ಲಿ ಜೊತೆಯಾದವರು ಸ್ನೇಹ ಬೆಳೆಸಿ, ಊಟದಲ್ಲಿ ಉಮ್ಮತ್ತಿ ಬೀಜ ಬೆರೆಸಿ, ಪ್ರಯಾಣಿಕ ಮೈಮೇಲೆ ಎಚ್ಚರವಿಲ್ಲದೆ ಬಡಬಡಿಸುವಾಗ ಗಂಟುಮೂಟೆ ಹೊತ್ತೊಯ್ಯುವುದು ಆಗಿನ ಭಾರತದ ಹೆದ್ದಾರಿಗಳಲ್ಲೂ ರೈಲುಗಳಲ್ಲೂ ಮಾಮೂಲಿ ಅಪರಾಧ.

ಪರೀಕ್ಷಕರಿಗೆ ಇಲ್ಲಿ ಎದುರಾಗುವ ತೊಡಕು ಶುದ್ಧ ಭಾರತೀಯ ಅಡುಗೆಮನೆಯದು. ಊಟದಲ್ಲಿ ಚಪ್ಪಟೆಯಾದ ಹಳದಿ ಬೀಜದ ಚೂರು ಸಿಕ್ಕಿದೆ. ಅದು ದತ್ತೂರದ್ದೋ ಮೆಣಸಿನಕಾಯಿಯದೋ? ಎರಡೂ ಬದನೆಯ ಕುಟುಂಬದ ಗಿಡಗಳು, ಬೀಜಗಳು ದಾಯಾದಿಗಳು. ಮೆಣಸಿನಕಾಯಿ ಬೀಜ ಇಲ್ಲದ ಸಾರು ಮುಂಬಯಿಯಲ್ಲಿ ಎಲ್ಲಿ ಸಿಗಬೇಕು? ತಪ್ಪು ಹೇಳಿದರೆ ಒಂದೋ ಕಳ್ಳ ತಪ್ಪಿಸಿಕೊಳ್ಳುತ್ತಾನೆ, ಇಲ್ಲವೇ ಅಡುಗೆ ಮಾಡಿದ ಬಡಪಾಯಿ ಜೈಲಿಗೆ ಹೋಗುತ್ತಾನೆ. ಆದ್ದರಿಂದ ಭಾರತದ ವೈದ್ಯಕೀಯ ನ್ಯಾಯಶಾಸ್ತ್ರದ ಪಠ್ಯಗಳಲ್ಲಿ ಈ ಎರಡು ಬೀಜಗಳ ಹೋಲಿಕೆ ಒಂದು ಕಡ್ಡಾಯ ಪಾಠವಾಯಿತು, ಇಂದಿಗೂ ಆಗಿದೆ. ದತ್ತೂರದ ಬೀಜ ದೊಡ್ಡದು, ದಪ್ಪ, ಮೂತ್ರಪಿಂಡದ ಆಕಾರ, ಮೈಮೇಲೆ ಸಣ್ಣ ಸಣ್ಣ ಕುಳಿಗಳು, ಹಳದಿ ಕಂದು. ಮೆಣಸಿನಕಾಯಿಯದು ಸಣ್ಣದು, ತೆಳ್ಳಗೆ, ದುಂಡಗೆ, ನಯ. ಉದ್ದಕ್ಕೆ ಸೀಳಿ ಮಸೂರದಲ್ಲಿ ನೋಡಿದರೆ ಮೆಣಸಿನಕಾಯಿ ಬೀಜದ ಒಳಗಿನ ಮೊಳಕೆಯ ತುದಿ 6 ಎಂಬ ಇಂಗ್ಲಿಷ್ ಅಂಕಿಯಂತೆ ಒಳಕ್ಕೆ ಸುತ್ತಿರುತ್ತದೆ, ದತ್ತೂರದ್ದು ತುದಿಯಲ್ಲಿ ಹೊರಕ್ಕೆ ತಿರುಗಿರುತ್ತದೆ. ಅನುಮಾನ ಉಳಿದರೆ ಆಹಾರದ ಸಾರವನ್ನು ಬೆಕ್ಕಿನ ಕಣ್ಣಿಗೆ ಒಂದು ಹನಿ ಹಾಕಿ ಪಾಪೆ ಅಗಲವಾಗುತ್ತದೆಯೇ ಎಂದು ನೋಡುತ್ತಿದ್ದರು. ಬೀಜದ ಆಕಾರ ಸಸ್ಯ ಯಾವುದೆಂದು ಹೇಳುತ್ತದೆ, ಬೆಕ್ಕಿನ ಕಣ್ಣು ವಿಷ ಇದೆಯೇ ಎಂದು ಹೇಳುತ್ತದೆ. ಲೇವನ್‌ಹುಕ್ ಒಂದೇ ನೋಟದಲ್ಲಿ ಹುಡುಕಿದ್ದನ್ನು ಇವರು ಎರಡು ಪರೀಕ್ಷೆಗಳಾಗಿ ಬಿಡಿಸಿಕೊಂಡಿದ್ದರು.

ಬೀಜ ಇಡಿಯಾಗಿದ್ದರೆ ಇಷ್ಟು ಸುಲಭ. ಹಿಟ್ಟಾದ ಮೇಲೆ ಉಳಿಯುವುದು ಪಿಷ್ಟದ ಕಣಗಳು. ಅದೃಷ್ಟಕ್ಕೆ ಪ್ರತಿ ಸಸ್ಯವೂ ತನ್ನ ಪಿಷ್ಟವನ್ನು ತನ್ನದೇ ಅಚ್ಚಿನಲ್ಲಿ ಎರಕ ಹೊಯ್ಯುತ್ತದೆ. ಅಕ್ಕಿಯದು ಬಹಳ ಸಣ್ಣ, 2ರಿಂದ 8 ಮೈಕ್ರಾನ್, ಮೂಲೆಮೂಲೆಯಾಗಿ ಒತ್ತಿಕೊಂಡ ಕಲ್ಲುಗಳಂತೆ. (ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್.) ಮೆಕ್ಕೆಜೋಳದ ಕಣದ ನಡುವೆ ನಕ್ಷತ್ರದಂಥ ಬಿರುಕು. ಆಲೂಗಡ್ಡೆಯದು ದೈತ್ಯ, ಕೆಲವು 100 ಮೈಕ್ರಾನ್ ಮುಟ್ಟುತ್ತವೆ, ಚಿಪ್ಪಿನ ಮೇಲಿನ ಗೆರೆಗಳಂತೆ ಸುತ್ತು ಸುತ್ತು ಗೆರೆ, ಆ ಸುತ್ತುಗಳ ಕೇಂದ್ರ ಒಂದು ತುದಿಗೆ ಸರಿದಿರುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಕ್ಕಳಿಗೂ ಹೊಟ್ಟೆ ಕೆಟ್ಟವರಿಗೂ ಗಂಜಿ ಕಾಯಿಸಿ ಕೊಡುವ ಕೂವೆಹಿಟ್ಟು, ಅಂದರೆ ಆರೋರೂಟ್, ಹ್ಯಾಸಲ್‌ನ ಲಂಡನ್ನಿನಲ್ಲೂ ರೋಗಿಗಳ ದುಬಾರಿ ಪಥ್ಯವಾಗಿತ್ತು. ಅದಕ್ಕೆ ಅಗ್ಗದ ಆಲೂಗಡ್ಡೆ ಪಿಷ್ಟ ಬೆರೆಸುತ್ತಿದ್ದರು. ಬರಿಗಣ್ಣಿಗೆ ಎರಡೂ ಒಂದೇ ಬಿಳಿ ಪುಡಿ, ಗಾಜಿನಡಿ ಆನೆಯೂ ಆಡೂ.

ಅರಿಶಿನದ ಗುರುತು ಇನ್ನೂ ಸ್ವಾರಸ್ಯದ್ದು. ಕೊಂಬನ್ನು ಒಣಗಿಸುವ ಮೊದಲು ಬೇಯಿಸುತ್ತಾರೆ. ಹಾಗಾಗಿ ಅದರ ಪಿಷ್ಟದ ಕಣಗಳು ಬಿಡಿಯಾಗಿ ಉಳಿಯದೆ ಊದಿ, ಒಂದಕ್ಕೊಂದು ಅಂಟಿ, ಬಣ್ಣ ಕುಡಿದು ಹಳದಿ ಮುದ್ದೆಗಳಾಗಿರುತ್ತವೆ. ಅರಿಶಿನದ ಪುಡಿಯಲ್ಲಿ ಬೇಯದ, ಬಣ್ಣವಿಲ್ಲದ, ಬಿಡಿಬಿಡಿ ಕಣಗಳು ಮಿಂಚಿದರೆ ಯಾರೋ ಹಿಟ್ಟು ಸುರಿದಿದ್ದಾರೆ. ಸಸ್ಯದ ಗುರುತಿನ ಮೇಲೆ ರೈತನ ಹಂಡೆಯ ಗುರುತೂ ಬಿದ್ದಿರುತ್ತದೆ.

ಹಂಡೆಯ ಮಾತು ಬಂದದ್ದರಿಂದ ವಿಲೆ ಪಾರ್ಲೆಯ ಬಿಸ್ಕತ್ತಿನ ಲೆಕ್ಕ ಚುಕ್ತಾ ಮಾಡಬಹುದು. ಚೆನ್ನಾಗಿ ನೀರು ಕುಡಿದು ಬೆಂದ ಹಿಟ್ಟಿನ ಪದಾರ್ಥಗಳಲ್ಲಿ, ಬ್ರೆಡ್ಡಿನಲ್ಲಿ, ಮುದ್ದೆಯಲ್ಲಿ, ಪಿಷ್ಟದ ಕಣಗಳು ಊದಿ ಒಡೆದು ಚಹರೆ ಕಳೆದುಕೊಳ್ಳುತ್ತವೆ. ಬಿಸ್ಕತ್ತಿನಲ್ಲಿ ಹಾಗಾಗುವುದಿಲ್ಲ. ಅದರ ಕಣಕದಲ್ಲಿ ನೀರು ಕಡಿಮೆ, ಸಕ್ಕರೆ ಮತ್ತು ಕೊಬ್ಬು ಹೆಚ್ಚು, ಒಲೆಯಲ್ಲಿರುವುದು ಕೆಲವೇ ನಿಮಿಷ. ಊದಲು ನೀರು ಸಿಗದೆ ಬಹುಪಾಲು ಕಣಗಳು ಇಡಿಯಾಗಿಯೇ ಉಳಿಯುತ್ತವೆ. ಬೆಂದ ಮೇಲೂ ತಾನು ಯಾವ ಹಿಟ್ಟೆಂದು ಹೇಳಬಲ್ಲ ಅಪರೂಪದ ತಿಂಡಿ ಬಿಸ್ಕತ್ತು.

ಆದರೆ ಅದು ಹೇಳುವುದೇನು? ಗೋಧಿಯ ಪಿಷ್ಟದಲ್ಲಿ ಎರಡು ಅಳತೆಯ ಕಣಗಳಿವೆ: ಅವರೆಬೇಳೆಯಂತೆ ಚಪ್ಪಟೆಯಾದ ದೊಡ್ಡವು, ಸುತ್ತ ಚಿಲ್ಲರೆಯಂತೆ ಸಣ್ಣ ಗುಂಡುಗಳು. ಬಾರ್ಲಿಯಲ್ಲೂ ಅದೇ ಎರಡು ಅಳತೆ, ಅದೇ ಆಕಾರ. ಬಾರ್ಲಿಯ ದೊಡ್ಡ ಕಣಗಳು ಸರಾಸರಿಯಲ್ಲಿ ತುಸು ಚಿಕ್ಕವು, ಅಷ್ಟೇ. ಕಣ ನೋಡಿ ಆಲೂಗಡ್ಡೆಯನ್ನು ಹಿಡಿದಷ್ಟು ಸಲೀಸಾಗಿ ಬಾರ್ಲಿಯನ್ನು ಹಿಡಿಯಲಾಗದು. ನುರಿತ ಪರೀಕ್ಷಕರು ಅದಕ್ಕಾಗಿ ಪಿಷ್ಟವನ್ನು ಬಿಟ್ಟು ತವುಡಿನ ಚೂರು ಹುಡುಕುತ್ತಾರೆ. ಎಷ್ಟೇ ಜರಡಿ ಹಿಡಿದರೂ ಹಿಟ್ಟಿನಲ್ಲಿ ಸಿಪ್ಪೆಯ ತುಣುಕು ಒಂದೆರಡು ಉಳಿದಿರುತ್ತವೆ. ಕಾಳಿನ ಸಿಪ್ಪೆಯ ಕೆಳಗೆ ಅಲ್ಯುರೋನ್ ಎಂಬ ಪದರವಿದೆ. ಗೋಧಿಯಲ್ಲಿ ಅದು ಒಂದೇ ಸಾಲು ಕೋಶಗಳದ್ದು, ಬಾರ್ಲಿಯಲ್ಲಿ ಎರಡರಿಂದ ನಾಲ್ಕು ಸಾಲು. ಸ್ವಾತಂತ್ರ್ಯ ಬಂದ ವರ್ಷದ ಬಿಸ್ಕತ್ತಿನಲ್ಲಿ ಏನಿದೆ ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಅದು ಇದ್ದದ್ದು ಗಿರಣಿಯ ಜರಡಿಯಿಂದ ತಪ್ಪಿಸಿಕೊಂಡ ಆ ಕಸದಲ್ಲಿ. ನಯವಾದ ಹಿಟ್ಟಿಗಿಂತ ಒರಟು ಹಿಟ್ಟು ಹೆಚ್ಚು ಪ್ರಾಮಾಣಿಕ ಎಂದು ಸೂಕ್ಷ್ಮದರ್ಶಕದ ಮುಂದೆ ಕೂತವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಮುಂಬಯಿ ಪ್ರಾಂತಕ್ಕೆ 1925ರಲ್ಲೇ ತನ್ನದೇ ಕಲಬೆರಕೆ ತಡೆ ಕಾಯಿದೆ ಇತ್ತು. ಇಡೀ ದೇಶಕ್ಕೆ ಒಂದೇ ಕಾಯಿದೆ ಆದದ್ದು 1954ರಲ್ಲಿ, ಜಾರಿಗೆ ಬಂದದ್ದು 1955ರ ಜೂನ್ 1ರಂದು. ವಿಲೆ ಪಾರ್ಲೆಯ ಪಕ್ಕದ ನಿಲ್ದಾಣ ಸಾಂತಾಕ್ರೂಜ್. ಅಲ್ಲಿನ ಕಲೀನಾದಲ್ಲಿ ರಾಜ್ಯದ ನ್ಯಾಯವಿಜ್ಞಾನ ಪ್ರಯೋಗಾಲಯವಿದೆ. ಲಯನ್ ಅವರಂಥವರ ಮೇಜಿಗೆ ಬರುತ್ತಿದ್ದ ಬಗೆಯ ಪೊಟ್ಟಣಗಳು ಈಗ ಅಂಥ ಪ್ರಯೋಗಾಲಯಗಳಿಗೆ ಹೋಗುತ್ತವೆ. ಹ್ಯಾಸಲ್‌ನ ಚಿಕೋರಿಗೆ ಭಾರತದ ಕಾನೂನು ಕೊಟ್ಟ ಪರಿಹಾರವಂತೂ ತೀರಾ ವ್ಯವಹಾರದ್ದು: ಬೆರೆಸಬಹುದು, ಆದರೆ ಕಾಫಿ 51 ಪಾಲಿಗಿಂತ ಕಡಿಮೆ ಇರಬಾರದು, ಪೊಟ್ಟಣದ ಮೇಲೆ ಎಷ್ಟೆಂದು ಬರೆದಿರಬೇಕು. ನಾಳ ಇದೆಯೋ ಇಲ್ಲವೋ ಎಂದು ಹೇಳುವ ಕಣ್ಣಿಗೆ 49 ಪಾಲೋ 55 ಪಾಲೋ ಎಂದು ಹೇಳುವುದು ಬಹಳ ಕಷ್ಟ. ಅಲ್ಲಿಂದ ಮುಂದಕ್ಕೆ ರಸಾಯನಶಾಸ್ತ್ರವೇ ಬರಬೇಕು.

ಕಣ್ಣು ಪೂರ್ತಿ ಸೋಲುವ ಜಾಗವೂ ಇದೆ, ಅಲ್ಲಿ ಸತ್ತವರ ಸಂಖ್ಯೆ ಬ್ರಾಡ್‌ಫರ್ಡಿನದಕ್ಕಿಂತ ದೊಡ್ಡದು. ಮೆಕ್ಸಿಕೋದಿಂದ ಬಂದು ಭಾರತದ ಬೀಳು ಭೂಮಿಯಲ್ಲೆಲ್ಲ ಹಬ್ಬಿದ, ಹಳದಿ ಹೂವಿನ ಮುಳ್ಳುಗಿಡ ಆರ್ಜಿಮೋನ್. ಅದರ ಸಣ್ಣ ಕರಿ ಬೀಜ ಸಾಸಿವೆಯ ರಾಶಿಯಲ್ಲಿ ಸುಲಭವಾಗಿ ಸೇರಿಕೊಳ್ಳುತ್ತದೆ. ಮೈಕಾಲು ಊದಿ, ಉಸಿರು ಕಟ್ಟಿ ಸಾಯುವ ಒಂದು ಕಾಯಿಲೆ 1877ರಲ್ಲಿ ಕಲ್ಕತ್ತೆಯಲ್ಲಿ ಕಾಣಿಸಿಕೊಂಡಿತ್ತು. ಅದಕ್ಕೆ ಈ ಬೀಜದ ಎಣ್ಣೆಯೇ ಕಾರಣ ಎಂದು ಖಚಿತವಾಗಲು 1930ರ ದಶಕ ಬರಬೇಕಾಯಿತು. ಕಾರಣ ತಿಳಿದು ಅರವತ್ತು ವರ್ಷ ಕಳೆದ ಮೇಲೂ, 1998ರ ಆಗಸ್ಟಿನಲ್ಲಿ, ದೆಹಲಿಯಲ್ಲಿ ಸಾಸಿವೆ ಎಣ್ಣೆಯ ಅಡುಗೆ ಉಂಡು 60ಕ್ಕೂ ಹೆಚ್ಚು ಮಂದಿ ಸತ್ತರು.

ಬೀಜವಾಗಿದ್ದಾಗ ಇದನ್ನು ಹಿಡಿಯಲು ಸೂಕ್ಷ್ಮದರ್ಶಕವೂ ಬೇಡ, ಒಂದು ಭೂತಗನ್ನಡಿ ಸಾಕು. ಸಾಸಿವೆಯ ಮೈ ನಯ, ಆರ್ಜಿಮೋನ್ ಬೀಜದ ಮೈಮೇಲೆ ಬಲೆ ಹೊದಿಸಿದಂತೆ ಕುಳಿಗಳ ಸಾಲು. ಗಾಣದಲ್ಲಿ ಹಿಂಡಿದ ಮೇಲೆ ಎರಡೂ ಹಳದಿ ಎಣ್ಣೆ. ಎಣ್ಣೆಗೆ ಕೋಶವಿಲ್ಲ, ನಾಳವಿಲ್ಲ, ಕಣವಿಲ್ಲ. ಹ್ಯಾಸಲ್‌ನ ಚಿತ್ರಗಳ ಪಕ್ಕದಲ್ಲಿಡಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಪ್ರಯೋಗಾಲಯದವರು ಆ ಎಣ್ಣೆಗೆ ಆಮ್ಲವನ್ನೂ ಫೆರಿಕ್ ಕ್ಲೋರೈಡನ್ನೂ ಬೆರೆಸಿ ಬಿಸಿ ಮಾಡುತ್ತಾರೆ. ವಿಷ ಇದ್ದರೆ ಅದು ಕೆಂಪು ಕಂದು ಹರಳುಗಳಾಗಿ ಕಟ್ಟುತ್ತದೆ. ಆಮೇಲೆ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಮಸೂರಕ್ಕೆ ಕಣ್ಣು ಹಚ್ಚಿದರೆ ಹರಳುಗಳು ಕಾಣುತ್ತವೆ, ಒಂದೊಂದೂ ಸೂಜಿಯ ಆಕಾರದಲ್ಲಿ.